ನಡುಗಿವಿಯ ಗಾಳಿ

ಆಗುಂಬೆಯಿಂದ ಸೋಮೇಶ್ವರಕ್ಕೆ ಬಸ್ಸಿನಲ್ಲಿ ಘಟ್ಟ ಇಳಿಯುವವರಿಗೆ ಒಂದು ಅನುಭವ ಚಿರಪರಿಚಿತ. ನಾಲ್ಕಾರು ತಿರುವುಗಳನ್ನು ದಾಟುವಷ್ಟರಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತವರ ಮಾತು ಎಲ್ಲಿಯೋ ದೂರದಿಂದ ಬಂದಂತೆ ಕೇಳಿಸುತ್ತದೆ; ಬಸ್ಸಿನ ಮೊರೆತವೂ ಮಂದವಾಗುತ್ತದೆ. ಹಳೆಯ ಪ್ರಯಾಣಿಕರು ಇದಕ್ಕೆ ಗಾಬರಿಗೊಳ್ಳುವುದಿಲ್ಲ. ಒಮ್ಮೆ ಉಗುಳು ನುಂಗುತ್ತಾರೆ, ಇಲ್ಲವೆ ಬಾಯಿ ತುಂಬ ಆಕಳಿಸುತ್ತಾರೆ. ಕಿವಿಯೊಳಗೆ ‘ಟಕ್’ ಎಂಬ ಸಣ್ಣ ಸದ್ದಾಗುತ್ತದೆ. ಮರುಕ್ಷಣವೇ ಧ್ವನಿಗಳೆಲ್ಲ ಸ್ಪಷ್ಟವಾಗಿ ಕೇಳತೊಡಗುತ್ತವೆ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಘಟ್ಟದ ಬುಡಕ್ಕೆ ಇಳಿಯುವಾಗ ವಾಯುವಿನ ಒತ್ತಡ ನೂರಕ್ಕೆ ಐದಾರು ಪಾಲಿನಷ್ಟು ಹೆಚ್ಚುತ್ತದೆ. ಹೊರಗಿನ ಒತ್ತಡ ಹೆಚ್ಚಿ ಕಿವಿಯ ಒಳಗಿನ ಒತ್ತಡ ಮೊದಲಿನಷ್ಟೇ ಉಳಿದರೆ, ಎರಡರ ನಡುವೆ ಇರುವ ತೆಳುವಾದ ತಮಟೆ ಒಳಕ್ಕೆ ಬಾಗುತ್ತದೆ. ಬಾಗಿ ಬಿಗಿದ ತಮಟೆ ಸರಿಯಾಗಿ ಕಂಪಿಸಲಾರದು. ಉಗುಳು ನುಂಗಿದಾಗ ಗಂಟಲಿನ ಕಡೆಯಿಂದ ಒಂದಿಷ್ಟು ಗಾಳಿ ಒಳಸೇರಿ, ಎರಡೂ ಕಡೆಯ ಒತ್ತಡ ಸಮವಾಗಿ, ತಮಟೆ ತನ್ನ ಸ್ಥಾನಕ್ಕೆ ಮರಳುತ್ತದೆ. ಘಟ್ಟದ ಪ್ರಯಾಣಿಕರಿಗೆ ಇದು ಕೆಲವು ನಿಮಿಷಗಳ ಕಿರುಕುಳ ಮಾತ್ರ. ಆದರೆ ಮನೆಯಲ್ಲಿಯೇ ಕುಳಿತ ಎಷ್ಟೋ ಮಕ್ಕಳ ಕಿವಿಯಲ್ಲಿ ಆ ‘ಟಕ್’ ಎಂಬ ಸದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ಆಗುವುದೇ ಇಲ್ಲ. ಗಾಳಿಯ ದಾರಿ ಹೀಗೆ ಮುಚ್ಚಿಹೋದರೆ ಒಳಗಿನ ಕೋಣೆಗೆ ಏನಾಗುತ್ತದೆ? ಅದರ ಗೋಡೆಗಳನ್ನು ಹೊದ್ದಿರುವ ಪೊರೆ ಎಂತಹ ಮಾರ್ಪಾಟಿಗೆ ಒಳಗಾಗುತ್ತದೆ? ಮೂರು ನಾಲ್ಕು ಶತಮಾನಗಳ ಕಾಲ ವೈದ್ಯರನ್ನು ಕಾಡಿದ ಪ್ರಶ್ನೆಗಳಿವು.

ಕಿವಿಯಲ್ಲಿ ಮೂರು ಭಾಗಗಳಿವೆ. ಹೊರಗಿವಿ ಶಬ್ದವನ್ನು ತಮಟೆಯವರೆಗೆ ತಲುಪಿಸುತ್ತದೆ. ತಮಟೆಯ ಆಚೆಗಿರುವುದು ನಡುಗಿವಿ. ಅದರಾಚೆ, ಎಲುಬಿನೊಳಗೆ ಹುದುಗಿ, ದ್ರವದಿಂದ ತುಂಬಿರುವುದು ಒಳಗಿವಿ. ನಡುಗಿವಿ ಒಂದೆರಡು ಮಿಲಿಲೀಟರ್ ಗಾಳಿ ಹಿಡಿಸುವಷ್ಟು ಸಣ್ಣ ಕೋಣೆ. ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪು ಎಂಬ ಮೂರು ಪುಟ್ಟ ಎಲುಬುಗಳು ಒಂದಕ್ಕೊಂದು ಕೂಡಿಕೊಂಡು ಈ ಕೋಣೆಯಲ್ಲಿ ತೂಗುತ್ತಿರುತ್ತವೆ. ತಮಟೆಯ ಕಂಪನವನ್ನು ಒಳಗಿವಿಗೆ ಒಯ್ಯುವಾಗ ತಮಟೆ ಮತ್ತು ಎಲುಬುಗಳ ಈ ಏರ್ಪಾಡು ಒತ್ತಡವನ್ನು ಸುಮಾರು 20 ಪಟ್ಟು ಹೆಚ್ಚಿಸುತ್ತದೆ. ಗಾಳಿಯಲ್ಲಿ ಬಂದ ನಿರ್ಬಲವಾದ ಅಲೆ ದ್ರವವನ್ನು ಅಲುಗಿಸಬೇಕಾದರೆ ಅಷ್ಟು ಬಲ ಬೇಕೇ ಬೇಕು. ಎಲುಬುಗಳು ಅಡೆತಡೆಯಿಲ್ಲದೆ ಆಡಬೇಕಾದರೆ ಅವುಗಳ ಸುತ್ತ ಗಾಳಿ ಇರಬೇಕು. ನೀರೂ ಇರಬಾರದು, ಲೋಳೆಯೂ ಇರಬಾರದು.

ಈ ಕೋಣೆಗೆ ಗಾಳಿ ಬರುವ ದಾರಿ ಒಂದೇ. ಮೂಗಿನ ಹಿಂಭಾಗದಿಂದ ಹೊರಟು ನಡುಗಿವಿಯ ಮುಂಗೋಡೆಯಲ್ಲಿ ತೆರೆದುಕೊಳ್ಳುವ ಯೂಸ್ಟೇಷಿಯನ್ ನಾಳವೇ ಅದು. ವಯಸ್ಕರಲ್ಲಿ ಇದರ ಉದ್ದ ಸುಮಾರು 3.5 ಸೆಂಟಿಮೀಟರ್. ಕಿವಿಯ ಕಡೆಯ ಮೂರರಲ್ಲೊಂದು ಪಾಲು ಎಲುಬಿನೊಳಗೆ ಕೊರೆದ ಸುರಂಗ; ಮೂಗಿನ ಕಡೆಯ ಉಳಿದ ಭಾಗ ಮೃದ್ವಸ್ಥಿಯಿಂದಾದುದು. ಈ ಮೃದುವಾದ ಭಾಗ ಸದಾ ತೆರೆದಿರುವುದಿಲ್ಲ. ಅದರ ಗೋಡೆಗಳು ಒಂದಕ್ಕೊಂದು ತಾಗಿ ಮುಚ್ಚಿಕೊಂಡಿರುತ್ತವೆ. ಉಗುಳು ನುಂಗುವಾಗ ಅಥವಾ ಆಕಳಿಸುವಾಗ ಅಂಗುಳನ್ನು ಬಿಗಿಯುವ ಸ್ನಾಯು ನಾಳದ ಗೋಡೆಯನ್ನು ಎಳೆದು, ಅರೆಕ್ಷಣ ತೆರೆದು, ಮತ್ತೆ ಮುಚ್ಚಲು ಬಿಡುತ್ತದೆ. ಹೀಗೆ ಮುಚ್ಚಿರುವುದರಿಂದಲೇ ಮೂಗಿನ ಕಲ್ಮಷ ಕಿವಿಗೆ ಏರುವುದಿಲ್ಲ. ತನ್ನ ಉಸಿರಿನ ಸದ್ದೇ ಮನುಷ್ಯನ ಕಿವಿಯಲ್ಲಿ ಗುಡುಗುವುದೂ ಇಲ್ಲ.

ನಾಳಕ್ಕೆ ಈ ಹೆಸರು ಬಂದುದು ರೋಮಿನಲ್ಲಿದ್ದ ಬಾರ್ತಲೋಮಿಯೊ ಯೂಸ್ಟಾಕಿಯೊ ಎಂಬ ಅಂಗರಚನಾ ಶಾಸ್ತ್ರಜ್ಞನಿಂದ. ಶ್ರವಣೇಂದ್ರಿಯವನ್ನು ಕುರಿತು ಆತ 1560ರ ದಶಕದ ಮೊದಲ ವರ್ಷಗಳಲ್ಲಿ ಬರೆದ ಪ್ರಬಂಧದಲ್ಲಿ ನಾಳದ ರಚನೆಯನ್ನು ನಿಖರವಾಗಿ ವರ್ಣಿಸಿದ. ಆತನ ಅದೃಷ್ಟ ಮಾತ್ರ ವಿಚಿತ್ರವಾದುದು. 1552ರಲ್ಲಿಯೇ ತಾಮ್ರದ ಫಲಕಗಳಲ್ಲಿ ಸಿದ್ಧವಾಗಿದ್ದ ಅವನ ಅಂಗರಚನಾ ಚಿತ್ರಗಳ ಬಹುಭಾಗ 1714ರವರೆಗೆ ಅಚ್ಚಾಗಲೇ ಇಲ್ಲ. ಆ ವೇಳೆಗೆ ಆತ ತೀರಿಕೊಂಡು 140 ವರ್ಷಗಳಾಗಿದ್ದುವು. ನಾಳಕ್ಕೆ ಅವನ ಹೆಸರನ್ನು ನಿಲ್ಲಿಸಿದವನು ಇಟಲಿಯವನೇ ಆದ ಅಂತೋನಿಯೊ ವಾಲ್ಸಾಲ್ವ. ಮನುಷ್ಯನ ಕಿವಿಯನ್ನು ಕುರಿತ ವಾಲ್ಸಾಲ್ವನ ಗ್ರಂಥ 1704ರಲ್ಲಿ ಪ್ರಕಟವಾಯಿತು. ಮೂಗು ಬಾಯಿಗಳನ್ನು ಮುಚ್ಚಿ ಮೆಲ್ಲಗೆ ಗಾಳಿಯನ್ನು ಕಿವಿಯತ್ತ ದೂಡುವ ಕ್ರಮಕ್ಕೆ ಇಂದಿಗೂ ಅವನ ಹೆಸರಿದೆ.

ಈಗ ಕೋಣೆಯ ಗೋಡೆಗೆ ಬರಬಹುದು. ಮೂಗಿನ ಒಳಭಾಗವನ್ನು ಹೊದ್ದಿರುವ ಲೋಳೆಪೊರೆಯೇ ನಾಳದ ಮೂಲಕ ಮುಂದುವರಿದು ನಡುಗಿವಿಯನ್ನೂ ಹೊದ್ದಿದೆ. ಆದರೆ ಅದು ಎಲ್ಲೆಡೆಯೂ ಒಂದೇ ರೀತಿಯದಲ್ಲ. ನಾಳದ ಬಾಯಿಯ ಸಮೀಪದಲ್ಲಿ ಎತ್ತರವಾದ ಜೀವಕೋಶಗಳಿದ್ದು, ಅವುಗಳ ತುದಿಯಲ್ಲಿ ಲೋಮಾಂಗಗಳೆಂಬ ಅತಿಸೂಕ್ಷ್ಮ ಕೂದಲುಗಳಿರುತ್ತವೆ. ನಡುನಡುವೆ ಲೋಳೆ ಸುರಿಸುವ ಬಟ್ಟಲಿನಾಕಾರದ ಕೋಶಗಳೂ ಇರುತ್ತವೆ. ಗಾಳಿ ಬೀಸಿದಾಗ ಬತ್ತದ ಗದ್ದೆಯಲ್ಲಿ ಪೈರು ಒಂದೇ ದಿಕ್ಕಿಗೆ ಬಾಗುವಂತೆ ಲೋಮಾಂಗಗಳು ನಾಳದ ದಿಕ್ಕಿಗೆ ಬಡಿಯುತ್ತವೆ. ಮೇಲಿನ ತೆಳು ಲೋಳೆಯನ್ನೂ ಅದಕ್ಕೆ ಅಂಟಿದ ಧೂಳು ಮತ್ತು ಏಕಾಣುಜೀವಿಗಳನ್ನೂ ಗಂಟಲಿನ ಕಡೆಗೆ ಸಾಗಿಸುತ್ತವೆ. ಕೋಣೆಯ ಹಿಂಭಾಗಕ್ಕೆ ಹೋದಂತೆ ಪೊರೆ ತೆಳುವಾಗುತ್ತದೆ. ಅಲ್ಲಿ ಚಪ್ಪಟೆಯಾದ ಕೋಶಗಳ ಒಂದೇ ಸಾಲು, ಅದರಡಿಯಲ್ಲಿ ಲೋಮನಾಳಗಳ ಜಾಲ, ಅದರಡಿಯಲ್ಲಿ ಎಲುಬು. ಲೋಳೆಗ್ರಂಥಿಗಳು ಅಲ್ಲಿ ಇಲ್ಲವೆಂದೇ ಹೇಳಬಹುದು. ಆರೋಗ್ಯವಂತನ ನಡುಗಿವಿ ಬಹುಮಟ್ಟಿಗೆ ಒಣಗಿದ, ನಿಶ್ಚಲವಾದ ಸ್ಥಳ.

ಕೋಣೆಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿನ ಗಾಳಿ ಏಕೆ ಕಡಿಮೆಯಾಗಬೇಕು ಎಂಬ ಸಂದೇಹ ಬರುವುದು ಸಹಜ. ಮುಚ್ಚಳ ಹಾಕಿದ ಸೀಸೆಯಲ್ಲಿ ಗಾಳಿ ಹಾಗೆಯೇ ಉಳಿಯುತ್ತದೆಯಷ್ಟೆ. ಆದರೆ ಸೀಸೆಯ ಗೋಡೆ ಗಾಜು. ನಡುಗಿವಿಯ ಗೋಡೆ ಜೀವಂತವಾದುದು. ಪೊರೆಯ ಅಡಿಯಲ್ಲಿ ಹರಿಯುವ ರಕ್ತ ಒಳಗಿನ ಗಾಳಿಯೊಡನೆ ಅನಿಲಗಳನ್ನು ಸದಾ ವಿನಿಮಯ ಮಾಡಿಕೊಳ್ಳುತ್ತದೆ. ದೇಹದ ಅಂಗಾಂಶಗಳು ಆಮ್ಲಜನಕವನ್ನು ಬಳಸಿಕೊಂಡ ಮೇಲೆ ಅಭಿಧಮನಿಯ ರಕ್ತದಲ್ಲಿ ಉಳಿಯುವ ಅನಿಲಗಳ ಒಟ್ಟು ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಕಡಿಮೆಯಿರುತ್ತದೆ. ಆದುದರಿಂದ ಕೋಣೆಯ ಗಾಳಿ ರಕ್ತಕ್ಕೆ ಇಳಿದು ಹೋಗುತ್ತಲೇ ಇರುತ್ತದೆ. ಆಮ್ಲಜನಕ ಬೇಗನೆ ಹೋಗುತ್ತದೆ. ಸಾರಜನಕ ನಿಧಾನವಾಗಿ ಹೋಗುತ್ತದೆ. ನಾಳ ತೆರೆದಾಗಲೆಲ್ಲ ಈ ನಷ್ಟ ತುಂಬಿಬರುತ್ತದೆ. ಒಂದು ಗುಟುಕು ಉಗುಳು ನುಂಗುವುದರ ಹಿಂದೆ ಇಂತಹ ಕೆಲಸವೊಂದು ನಡೆಯುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ನಾಳ ತೆರೆಯದೆ ಹೋದರೆ ಮೊದಲು ಕಾಣುವುದು ಒತ್ತಡದ ಕುಸಿತ. ಎಳೆಯ ಮಕ್ಕಳು ಆಟಕ್ಕಾಗಿ ಲೋಟವನ್ನು ಬಾಯಿಗೆ ಒತ್ತಿ, ಒಳಗಿನ ಗಾಳಿಯನ್ನು ಹೀರಿ, ಅಂಟಿಸಿಕೊಳ್ಳುವುದುಂಟು. ತೆಗೆದಾಗ ಬಾಯಿಯ ಸುತ್ತ ಕೆಂಪು ಬಳೆ ಮೂಡಿರುತ್ತದೆ. ಗಾಳಿ ಕಡಿಮೆಯಾದೆಡೆಗೆ ಚರ್ಮವೂ ರಕ್ತವೂ ಸೆಳೆಯಲ್ಪಟ್ಟುದರ ಗುರುತು ಅದು. ನಡುಗಿವಿಯಲ್ಲಿಯೂ ಹೀಗೆಯೇ. ಹೊರಗೋಡೆಯಾದ ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಉಳಿದ ಗೋಡೆಗಳು ಎಲುಬಾದುದರಿಂದ ಬಾಗಲಾರವು; ಅವುಗಳನ್ನು ಹೊದ್ದ ಪೊರೆ ಊದಿಕೊಳ್ಳುತ್ತದೆ. ಲೋಮನಾಳಗಳು ಹಿಗ್ಗಿ, ರಕ್ತದ ನೀರಿನಂಶ ಅವುಗಳ ಗೋಡೆಯಿಂದ ಜಿನುಗಿ, ಕೋಣೆಯೊಳಗೆ ತಿಳಿಯಾದ, ಹುಲ್ಲಿನ ಬಣ್ಣದ ದ್ರವ ಸೇರುತ್ತದೆ. ಇದು ಹೊರಗಿನಿಂದ ಹೊಕ್ಕ ನೀರಲ್ಲ, ಪೊರೆಯಿಂದಲೇ ಬಂದುದು. ಸ್ನಾನದ ನೀರು ಕಿವಿಗೆ ಹೋದುದರಿಂದ ಹೀಗಾಯಿತೆಂದು ಮನೆಯವರು ತಿಳಿಯುವುದುಂಟು. ತಮಟೆ ತೂತಾಗದೆ ಇರುವವರೆಗೆ ಸ್ನಾನದ ನೀರಾಗಲಿ, ಬೆಚ್ಚಗೆ ಮಾಡಿ ಬಿಡುವ ಎಣ್ಣೆಯಾಗಲಿ ನಡುಗಿವಿಯನ್ನು ಮುಟ್ಟಲಾರದು.

ಎರಡನೆಯ ಹಂತ ಇದಕ್ಕಿಂತ ಗಂಭೀರವಾದುದು. ಮುಚ್ಚುವಿಕೆ ವಾರಗಳವರೆಗೆ ಮುಂದುವರಿದರೆ ಪೊರೆಯ ಸ್ವಭಾವವೇ ಬದಲಾಗುತ್ತದೆ. ಚಪ್ಪಟೆಯಾಗಿದ್ದ ಕೋಶಗಳ ಸ್ಥಾನದಲ್ಲಿ ಎತ್ತರವಾದ ಕೋಶಗಳು ಹುಟ್ಟಿಕೊಳ್ಳುತ್ತವೆ. ಒಂದು ಸಾಲಿದ್ದಲ್ಲಿ ಹಲವು ಸಾಲುಗಳಾಗುತ್ತವೆ. ಬಟ್ಟಲಿನಾಕಾರದ ಕೋಶಗಳು ಹಿಂದೆಂದೂ ಇಲ್ಲದಿದ್ದ ಎಡೆಗಳಲ್ಲಿ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ಮೇಲ್ಪದರ ಅಲ್ಲಲ್ಲಿ ಒಳಕ್ಕೆ ಮಡಿಚಿ ಬೆಳೆದು ಹೊಸ ಲೋಳೆಗ್ರಂಥಿಗಳೇ ರೂಪುಗೊಳ್ಳುತ್ತವೆ. ಪೊರೆಯ ಅಡಿಯಲ್ಲಿ ಬಿಳಿಯ ರಕ್ತಕಣಗಳು ನೆರೆಯುತ್ತವೆ. ಸುಮ್ಮನೆ ಹೊದಿಕೆಯಾಗಿದ್ದ ಪೊರೆ ಈಗ ಲೋಳೆಯನ್ನು ತಯಾರಿಸುವ ಅಂಗವಾಗುತ್ತದೆ. ತಿಳಿಯಾಗಿದ್ದ ದ್ರವ ದಿನದಿನಕ್ಕೆ ಮಂದವಾಗಿ, ಕೊನೆಗೆ ಗೋಂದಿನಂತೆ ಎಳೆಎಳೆಯಾಗಿ ಅಂಟುತ್ತದೆ. ಲೋಮಾಂಗಗಳು ತೆಳು ಲೋಳೆಯನ್ನು ಸಾಗಿಸಬಲ್ಲವೇ ಹೊರತು ಈ ಗೋಂದನ್ನು ಅಲುಗಿಸಲಾರವು. ನಾಳ ಈಗ ತೆರೆದರೂ ಲೋಳೆ ಸುಲಭವಾಗಿ ಇಳಿದುಹೋಗದು. ಮುಚ್ಚಿದ ನಾಳದಿಂದ ಲೋಳೆ ಹುಟ್ಟಿತು. ಹುಟ್ಟಿದ ಲೋಳೆಯೂ ಊದಿದ ಪೊರೆಯೂ ಸೇರಿ ನಾಳವನ್ನು ಇನ್ನಷ್ಟು ಮುಚ್ಚುತ್ತವೆ.

ನಾಳ ಮುಚ್ಚಿದಾಗ ಒತ್ತಡ ಕುಸಿದು ದ್ರವ ಸೆಳೆಯಲ್ಪಡುತ್ತದೆಂಬ ವಿವರಣೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನದ ಆಡಮ್ ಪೊಲಿಟ್ಜರ್ ಪ್ರತಿಪಾದಿಸಿದ. ಪ್ರಾಣಿಗಳ ನಾಳವನ್ನು ಉದ್ದೇಶಪೂರ್ವಕವಾಗಿ ಮುಚ್ಚಿ ನಡೆಸಿದ ಪ್ರಯೋಗಗಳಲ್ಲಿ ದ್ರವವೂ ಪೊರೆಯ ಮಾರ್ಪಾಟೂ ಕಂಡುಬಂದು ಈ ವಿವರಣೆಗೆ ಬಲ ಬಂದಿತು. ಆದರೆ ಇಂದಿನ ತಿಳಿವಳಿಕೆಯಂತೆ ಇದು ಪೂರ್ಣ ಸತ್ಯವಲ್ಲ. ನೆಗಡಿಯ ವೈರಸ್ಸುಗಳೂ ಬ್ಯಾಕ್ಟೀರಿಯಗಳೂ ಪೊರೆಯಲ್ಲಿ ಉರಿಯೂತವನ್ನು ಎಬ್ಬಿಸಿ ಅದೇ ಮಾರ್ಪಾಟನ್ನು ತರಬಲ್ಲವು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂತಹ ತೊಂದರೆಯಿದ್ದ ಮಕ್ಕಳ ನಡುಗಿವಿಯ ಪೊರೆಗೆ ಬ್ಯಾಕ್ಟೀರಿಯಗಳು ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ಹತ್ತಿಕೊಂಡಿರುವುದನ್ನು ತೋರಿಸಿತು. ಒತ್ತಡ ಮತ್ತು ಉರಿಯೂತ ಇವೆರಡರಲ್ಲಿ ಯಾವುದು ಮೊದಲು ಎಂಬುದು ಮಗುವಿನಿಂದ ಮಗುವಿಗೆ ಬೇರೆಯಾಗಬಹುದು. ಪೊರೆಗೆ ಮಾತ್ರ ಎರಡೂ ಸೇರಿಯೇ ಕೇಡು ತರುತ್ತವೆ.

ಈ ತೊಂದರೆ ಮುಖ್ಯವಾಗಿ ಮಕ್ಕಳನ್ನೇ ಹಿಡಿಯುವುದಕ್ಕೆ ಕಾರಣವಿದೆ. ಹಸುಳೆಯ ನಾಳದ ಉದ್ದ ವಯಸ್ಕರ ನಾಳದ ಅರ್ಧದಷ್ಟು ಮಾತ್ರ. ವಯಸ್ಕರಲ್ಲಿ ಅದು ಸುಮಾರು 45 ಡಿಗ್ರಿ ಇಳಿಜಾರಾಗಿದ್ದರೆ ಹಸುಳೆಯಲ್ಲಿ ಸುಮಾರು 10 ಡಿಗ್ರಿ. ಹೆಚ್ಚುಕಡಿಮೆ ಮಲಗಿದಂತೆಯೇ ಇರುತ್ತದೆ. ತೆರೆಯುವ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಸೀಳಂಗುಳಿನೊಡನೆ ಹುಟ್ಟಿದ ಮಕ್ಕಳಲ್ಲಿ ಈ ಸ್ನಾಯುವಿಗೆ ಸರಿಯಾದ ಆಧಾರವೇ ಇಲ್ಲದೆ, ಬಹುತೇಕ ಎಲ್ಲರ ನಡುಗಿವಿಯಲ್ಲಿಯೂ ಲೋಳೆ ತುಂಬುತ್ತದೆ. ಇದರ ಜೊತೆಗೆ ಮಕ್ಕಳಲ್ಲಿ ನಾಳದ ಬಾಯಿಯ ಪಕ್ಕದಲ್ಲಿಯೇ, ಮೂಗಿನ ಹಿಂದೆ, ಅಡೆನಾಯ್ಡ್ ಎಂಬ ಮೃದುವಾದ ಅಂಗಾಂಶವಿರುತ್ತದೆ. 1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್, ಬಾಯಿಯಿಂದ ಉಸಿರಾಡುವ, ಮೂಗುಕಟ್ಟಿದಂತೆ ಮಾತನಾಡುವ, ಕಿವಿ ಮಂದವಾದ ರೋಗಿಗಳಲ್ಲಿ ಈ ಅಂಗಾಂಶ ಬೆಳೆದಿರುವುದನ್ನು ಬೆರಳಿನಿಂದ ಪರೀಕ್ಷಿಸಿ ಗುರುತಿಸಿದ. ಮನೆಯೊಳಗಿನ ತಂಬಾಕಿನ ಹೊಗೆಯೂ ಮೇಲಿಂದ ಮೇಲೆ ಬರುವ ನೆಗಡಿಯೂ ಈ ತೊಂದರೆಗೆ ನೆರವಾಗುತ್ತವೆ. ವಯಸ್ಕರಲ್ಲಿ ಒಂದೇ ಕಿವಿಯಲ್ಲಿ ಇಂತಹ ದ್ರವ ಕಾಣಿಸಿದರೆ ವೈದ್ಯರು ಮೂಗಿನ ಹಿಂಭಾಗವನ್ನು ತಪ್ಪದೆ ಪರೀಕ್ಷಿಸುತ್ತಾರೆ. ಅಲ್ಲಿ ಗಡ್ಡೆ ಬೆಳೆದು ನಾಳವನ್ನು ಒತ್ತುತ್ತಿರಬಹುದು.

ಹೀಗೆ ಲೋಳೆ ತುಂಬಿದ ಕಿವಿ ಸಾಮಾನ್ಯವಾಗಿ ನೋಯುವುದಿಲ್ಲ. ಜ್ವರವಿಲ್ಲ, ಕೀವು ಸೋರುವುದಿಲ್ಲ. ಆದ್ದರಿಂದಲೇ ಅದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಕೇಳುವ ಶಕ್ತಿ ಮಾತ್ರ ಸುಮಾರು 25ರಿಂದ 30 ಡೆಸಿಬೆಲ್ ಕುಂದಿರುತ್ತದೆ. ಎರಡೂ ಕಿವಿಗಳನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡು ಪಾಠ ಕೇಳಿದರೆ ಇದರ ಅಂದಾಜು ಸಿಗುತ್ತದೆ. ಸ್ವರಗಳು ಗಟ್ಟಿಯಾದುವು, ಹೇಗೋ ತಲುಪುತ್ತವೆ. ಮೆಲ್ಲಗಿನ ವ್ಯಂಜನಗಳು ದಾರಿಯಲ್ಲಿಯೇ ಕಳೆದುಹೋಗುತ್ತವೆ. ಸಾಲು, ಹಾಲು, ಪಾಲು, ಕಾಲು ಎಲ್ಲವೂ ಒಂದೇ ಪದದಂತೆ ಕೇಳಿಸುತ್ತವೆ. ಎದುರಿಗೆ ನಿಂತು ಗಟ್ಟಿಯಾಗಿ ಕರೆದರೆ ಮಗು ಓಗೊಡುತ್ತದೆ. ಬೆನ್ನ ಹಿಂದಿನಿಂದ ಕರೆದರೆ ಸುಮ್ಮನಿರುತ್ತದೆ. ನೆಗಡಿ ಇಳಿದ ವಾರ ಚೆನ್ನಾಗಿ ಕೇಳಿಸಿ ಮರುವಾರ ಮತ್ತೆ ಮಂದವಾಗುವುದರಿಂದ ‘ಬೇಕೆಂದಾಗ ಕೇಳಿಸುತ್ತದೆ’ ಎಂಬ ಆರೋಪವೂ ಬರುತ್ತದೆ. ಲೆಕ್ಕ ಕೇಳಿಸದ ಹುಡುಗನನ್ನು ಲೆಕ್ಕ ಬಾರದ ಹುಡುಗನೆಂದು ಭಾವಿಸಿ ಹಿಂದಿನ ಬೆಂಚಿಗೆ ಕಳುಹಿಸಿದರೆ ಅವನಿಗೆ ಇನ್ನೂ ಕಡಿಮೆ ಕೇಳಿಸುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಇದು ಬಹುಕಾಲ ನಿಂತರೆ ಉಚ್ಚಾರಣೆಯೂ ಹಿಂದೆ ಬೀಳಬಹುದು.

ಕಿವಿಯಲ್ಲಿ ದ್ರವವಿದೆಯೇ ಎಂಬುದನ್ನು ಈಗ ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ತಿಳಿಯಬಹುದು. ಹೊರಗಿವಿಯಲ್ಲಿ ಗಾಳಿಯ ಒತ್ತಡವನ್ನು ಏರಿಳಿಸಿ ತಮಟೆ ಎಷ್ಟು ಅಲುಗುತ್ತದೆಂದು ಅಳೆಯುವ ಯಂತ್ರವಿದೆ. ಆರೋಗ್ಯವಂತ ಕಿವಿ ಕಾಗದದ ಮೇಲೆ ಬೆಟ್ಟದಂತಹ ಗೆರೆಯನ್ನು ಮೂಡಿಸಿದರೆ, ಲೋಳೆ ತುಂಬಿದ ಕಿವಿ ಬಯಲಿನಂತಹ ಗೆರೆಯನ್ನು ಮೂಡಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಸಂಸ್ಥೆಗಳಲ್ಲಿ ಈ ಪರೀಕ್ಷೆ ನಿತ್ಯದ ಕೆಲಸ.

ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ನಾಳ ತಾನಾಗಿಯೇ ತೆರೆದು ಲೋಳೆ ಇಳಿದುಹೋಗುತ್ತದೆ. ಆದ್ದರಿಂದ ವೈದ್ಯರು ಮೊದಲು ಕಾದು ನೋಡುತ್ತಾರೆ, ಇದು ಉದಾಸೀನವಲ್ಲ. ವರ್ಷಗಟ್ಟಲೆ ಹಾಗೆಯೇ ಉಳಿದ ಕೆಲವರಲ್ಲಿ ಮಾತ್ರ ಕೇಡು ಬೆಳೆಯುತ್ತದೆ. ಸದಾ ಒಳಕ್ಕೆ ಸೆಳೆಯಲ್ಪಟ್ಟ ತಮಟೆ ತನ್ನ ಬಿಗುವನ್ನು ಕಳೆದುಕೊಂಡು ಹಳೆಯ ಬಟ್ಟೆಯಂತೆ ಜೋತು, ಎಲುಬುಗಳಿಗೆ ಅಂಟುತ್ತದೆ. ರಕ್ತಪೂರೈಕೆ ಕಡಿಮೆಯಿರುವ ಅಡಿಗಲ್ಲಿನ ತುದಿ ಸವೆಯುತ್ತದೆ. ಜೋತ ತಮಟೆ ಮೂಲೆಯಲ್ಲಿ ಚೀಲದಂತಾಗಿ, ಹೊರಚರ್ಮದಿಂದ ಉದುರಿದ ಹೊಟ್ಟು ಅದರಲ್ಲಿ ಕೂಡಿಕೊಂಡರೆ ಕೊಲೆಸ್ಟಿಯಟೋಮ ಎಂಬ ಗಂಟು ಹುಟ್ಟಬಹುದು. ಅದು ಅರ್ಬುದವಲ್ಲ; ಆದರೂ ಸುತ್ತಲಿನ ಎಲುಬನ್ನು ಕೊರೆಯುತ್ತ ಹೋಗುತ್ತದೆ. ಆಗ ಶಸ್ತ್ರಚಿಕಿತ್ಸೆ ಅನಿವಾರ್ಯ.

ಚಿಕಿತ್ಸೆಯ ಇತಿಹಾಸವೆಂದರೆ ನಡುಗಿವಿಗೆ ಗಾಳಿಯನ್ನು ಮರಳಿ ಕೊಡುವ ಪ್ರಯತ್ನಗಳ ಇತಿಹಾಸವೇ. ಮೊದಲ ಸಾಹಸಿ ವೈದ್ಯನಲ್ಲ. ಫ್ರಾನ್ಸಿನ ವರ್ಸೇಲ್ಸಿನ ಅಂಚೆಯ ಅಧಿಕಾರಿ ಗಿಯೋ. ತನ್ನ ಕಿವುಡನ್ನು ತಾನೇ ಕಳೆದುಕೊಳ್ಳಲು ಆತ ಬಾಗಿದ ಲೋಹದ ಕೊಳವೆಯನ್ನು ಬಾಯಿಯ ಮೂಲಕ ಅಂಗುಳಿನ ಹಿಂದೆ ತೂರಿಸಿ ನಾಳದ ಬಾಯಿಯನ್ನು ತೊಳೆದುಕೊಂಡು, 1724ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಅದನ್ನು ವಿವರಿಸಿದ. 1741ರಲ್ಲಿ ಆರ್ಚಿಬಾಲ್ಡ್ ಕ್ಲೆಲೆಂಡ್ ಎಂಬ ಸೇನಾ ಶಸ್ತ್ರವೈದ್ಯ ಮೂಗಿನ ದಾರಿಯೇ ಸುಲಭವೆಂದು ತೋರಿಸಿದ. 1863ರಲ್ಲಿ ಪೊಲಿಟ್ಜರ್, ರೋಗಿ ನೀರು ನುಂಗುವ ಕ್ಷಣದಲ್ಲಿಯೇ ರಬ್ಬರ್ ಚೀಲದಿಂದ ಮೂಗಿಗೆ ಗಾಳಿ ಊದುವ ಉಪಾಯವನ್ನು ಪ್ರಕಟಿಸಿದ.

ಇವರೆಲ್ಲರಿಗಿಂತ ಬೇರೆಯಾದ ದಾರಿ ಹಿಡಿದವನು ಲಂಡನ್ನಿನ ಆಸ್ಟ್ಲಿ ಕೂಪರ್. ನಾಳ ತೆರೆಯದಿದ್ದರೆ ತಮಟೆಯಲ್ಲಿಯೇ ಸಣ್ಣ ರಂಧ್ರ ಮಾಡಿ ಗಾಳಿ ಬಿಡಬಾರದೇಕೆ ಎಂದು ಆತ ಕೇಳಿದ. 1801ರಲ್ಲಿ ಆತ ವರ್ಣಿಸಿದ ಈ ಶಸ್ತ್ರಕ್ರಿಯೆಯಿಂದ ಕೆಲವರಿಗೆ ಆ ಕ್ಷಣದಲ್ಲಿಯೇ ಕೇಳಿಸತೊಡಗಿತು. ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ನೀಡಿತು. ಆದರೆ ತಮಟೆ ಬೇಗನೆ ಕೂಡಿಕೊಳ್ಳುವ ಅಂಗ. ರಂಧ್ರ ಕೆಲವೇ ದಿನಗಳಲ್ಲಿ ಮುಚ್ಚಿ ಕಿವುಡು ಮರಳಿತು. ಕೂಪರ್ ಕೊನೆಗೆ ಆ ಶಸ್ತ್ರಕ್ರಿಯೆಯನ್ನೇ ಕೈಬಿಟ್ಟ. ಗಾಳಿ ಬೇಕೆಂಬ ಅವನ ಊಹೆ ಸರಿಯಾಗಿಯೇ ಇತ್ತು. ಪೊರೆ ಚೇತರಿಸಿಕೊಳ್ಳಲು ದಿನಗಳಲ್ಲ, ತಿಂಗಳುಗಳು ಬೇಕೆಂಬುದು ಆ ಕಾಲಕ್ಕೆ ತಿಳಿದಿರಲಿಲ್ಲ.

1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್, ತಮಟೆಯ ರಂಧ್ರ ಮುಚ್ಚದಂತೆ ಅದರಲ್ಲಿ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನಿಡುವ ಕ್ರಮವನ್ನು ಪ್ರಕಟಿಸಿದ. ಗ್ರಾಮೆಟ್ ಎಂದು ಹೆಸರಾದ ಈ ಕೊಳವೆ ಇಂದು ಅಂಗಿಯ ಗುಂಡಿಗಿಂತಲೂ ಬಹು ಚಿಕ್ಕದು. ಒಳಗಿನ ಲೋಳೆ ಅದರ ಮೂಲಕ ಸೋರಿಹೋಗಲೆಂದು ಅದನ್ನು ಇಡುತ್ತಾರೆಂಬುದು ಸಾಮಾನ್ಯ ಭಾವನೆ. ನಿಜವಾಗಿ ಅದರ ಮುಖ್ಯ ಕೆಲಸ ಗಾಳಿಯನ್ನು ಒಳಕ್ಕೆ ಬಿಡುವುದು. ಒತ್ತಡ ಸಮವಾದೊಡನೆ ಪೊರೆಯ ಊತ ಇಳಿಯತೊಡಗುತ್ತದೆ. ಲೋಳೆಯ ಕೋಶಗಳು ಕ್ರಮೇಣ ವಿರಳವಾಗುತ್ತವೆ. ಹೊಸದಾಗಿ ಹುಟ್ಟಿದ್ದ ಗ್ರಂಥಿಗಳು ನಿಷ್ಕ್ರಿಯವಾಗಿ ಕ್ಷಯಿಸುತ್ತವೆ. ಲೋಮಾಂಗಗಳು ತೆಳು ಲೋಳೆಯನ್ನು ಮತ್ತೆ ಗಂಟಲಿನ ಕಡೆಗೆ ಸಾಗಿಸುತ್ತವೆ. ಈ ಹಿಂಚಲನೆ ಬಲು ನಿಧಾನ. ಕೆಲವು ಕಿವಿಗಳಲ್ಲಿ ವರ್ಷಗಳೇ ಹಿಡಿಯುತ್ತವೆ.

ಆ ವೇಳೆಗೆ ಮಗುವಿನ ನಾಳವೂ ಉದ್ದವಾಗಿ, ಇಳಿಜಾರಾಗಿ ಬೆಳೆಯುತ್ತಿರುತ್ತದೆ. ಗ್ರಾಮೆಟ್ಟನ್ನು ಸಾಮಾನ್ಯವಾಗಿ ಯಾರೂ ಕೀಳಬೇಕಾಗಿಲ್ಲ. ತಮಟೆಯ ಹೊರಚರ್ಮ ನಡುವಿನಿಂದ ಅಂಚಿನ ಕಡೆಗೆ ಸದಾ ಮೆಲ್ಲಗೆ ಸರಿಯುತ್ತಿರುತ್ತದೆ. ಅದರೊಡನೆ ಕೊಳವೆಯೂ ಸಡಿಲಗೊಂಡು, ಆರರಿಂದ ಹನ್ನೆರಡು ತಿಂಗಳಲ್ಲಿ ಕಳಚಿ, ಕಿವಿಯ ಕುಗ್ಗೆಯೊಡನೆ ಹೊರಬೀಳುತ್ತದೆ. ಎಷ್ಟೋ ವೇಳೆ ಅದು ಬಿದ್ದುಹೋದುದು ಮನೆಯವರಿಗೆ ತಿಳಿಯುವುದೇ ಇಲ್ಲ. ಅದಿದ್ದ ರಂಧ್ರ, ಕೂಪರನ ಕಾಲದಲ್ಲಿ ಮುಚ್ಚಿಕೊಂಡಂತೆಯೇ, ಹೆಚ್ಚಿನವರಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.